ಮಳೆ ಒಂದೇ, ಬೀಜ ಬೇರೆ

“ನಾನು ಪಡೆದುಕೊಂಡು ಬಂದದ್ದೇ ಇಷ್ಟು.” ಕಷ್ಟ ಉಂಡವರು ಹೀಗೆ ಹೇಳಿಕೊಳ್ಳುವುದನ್ನು ನಮ್ಮ ಮನೆಗಳಲ್ಲಿ ಯಾರು ಕೇಳಿಲ್ಲ? ಆ ಮಾತಿನಲ್ಲಿ ಒಂದು ಸಮಾಧಾನವಿದೆ. ಅದನ್ನೇ ಎದುರಿಗಿದ್ದವರು “ನೀನು ಪಡೆದುಕೊಂಡು ಬಂದದ್ದು” ಎಂದರೆ ಬರೆ ಎಳೆದಂತಾಗುತ್ತದೆ. ಕರ್ಮಸಿದ್ಧಾಂತದ ಬಲವೂ ಕೊರತೆಯೂ ಈ ಎರಡು ಮಾತುಗಳ ನಡುವೆ ಇವೆ ಎಂದು ನನಗನ್ನಿಸುತ್ತದೆ.

ದೇವರ ಮೇಲೆ ಹಳೆಯ ದೂರುಗಳು ಎರಡು. ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ದುಃಖ ಕೊಟ್ಟಿದ್ದಾನೆ; ಹಾಗಾದರೆ ಅವನು ಪಕ್ಷಪಾತಿ. ಹಸುಗೂಸನ್ನೂ ನರಳಿಸುತ್ತಾನೆ, ಹಾಗಾದರೆ ಕರುಣೆಯಿಲ್ಲದವನು. ಇವನ್ನು ಎತ್ತಿದ್ದು ನಾಸ್ತಿಕರು ಮಾತ್ರವಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯವೇ ಇವನ್ನು ವೈಷಮ್ಯ, ನೈರ್ಘೃಣ್ಯ ಎಂದು ಹೆಸರಿಟ್ಟು ಎದುರಿಸುತ್ತದೆ. ಶಂಕರರ ಉತ್ತರ ಮಳೆಯ ಹೋಲಿಕೆಯಲ್ಲಿದೆ: ಭತ್ತಕ್ಕೂ ಜವೆಗೋಧಿಗೂ ಬೀಳುವ ಮಳೆ ಒಂದೇ, ಪೈರು ಬೇರೆಯಾಗುವುದು ಬೀಜದಿಂದ. ಈಶ್ವರ ಮಳೆಯ ಹಾಗೆ; ಬೀಜ ಆಯಾ ಜೀವದ ಕರ್ಮ.

ಸರಿ, ಮೊಟ್ಟಮೊದಲ ಸೃಷ್ಟಿಯಲ್ಲಿ ಕರ್ಮ ಎಲ್ಲಿತ್ತು? ಮುಂದಿನ ಸೂತ್ರ ಇದನ್ನೂ ಬಿಡುವುದಿಲ್ಲ. ಸಂಸಾರಕ್ಕೆ ಮೊದಲೆಂಬುದೇ ಇಲ್ಲ, ಅದು ಅನಾದಿ; ಬೀಜದಿಂದ ಮೊಳಕೆ, ಮೊಳಕೆಯಿಂದ ಬೀಜ. ಜಗತ್ತಿಗೆ ಒಂದು ಆದಿಯಿದೆ ಎಂದು ನಂಬುವ ಕ್ರೈಸ್ತ ಚಿಂತಕರಿಗೆ ಈ ದಾರಿ ಇರಲಿಲ್ಲ. ಆದ್ದರಿಂದಲೇ ಜರ್ಮನಿಯ ಲೈಬ್ನಿಟ್ಸ್ 1710ರಲ್ಲಿ, ಸಾಧ್ಯವಿದ್ದ ಜಗತ್ತುಗಳಲ್ಲೆಲ್ಲ ಒಳ್ಳೆಯದನ್ನೇ ದೇವರು ಆರಿಸಿದ್ದಾನೆ ಎಂದು ವಾದಿಸಬೇಕಾಯಿತು. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಲಿಸ್ಬನ್ ನಗರ ಕಂಪಿಸಿ ಪೂಜೆಗೆ ಸೇರಿದ್ದವರ ಮೇಲೆ ಚರ್ಚುಗಳೇ ಕುಸಿದಾಗ, ವೊಲ್ಟೇರ್ ಆ ವಾದದ ಮೇಲೆ ಹರಿಹಾಯ್ದ.

ಅನಾದಿಯ ವಾದ ಲೈಬ್ನಿಟ್ಸನದಕ್ಕಿಂತ ಗಟ್ಟಿ ಎಂದು ನಾನು ಒಪ್ಪುತ್ತೇನೆ. ಆದರೆ ಒಂದೊಂದು ಕೊಂಡಿಗೂ ಹಿಂದಿನ ಕೊಂಡಿಯನ್ನು ತೋರಿಸಿದ ಮಾತ್ರಕ್ಕೆ, ಇಂಥದೊಂದು ಸರಪಳಿ ಏಕಿದೆ ಎಂಬುದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ. ಈ ಒತ್ತಡಕ್ಕೋ ಏನೋ, ಉಡುಪಿಯ ಮಧ್ವಾಚಾರ್ಯರು ಕರ್ಮಕ್ಕೂ ಹಿಂದೆ ಹೋಗಿ ಜೀವಗಳ ಸ್ವಭಾವದಲ್ಲಿಯೇ ತಾರತಮ್ಯವನ್ನು ಕಂಡರು.

ಪ್ರಶ್ನೆ ಗ್ರಂಥದಿಂದ ಬೀದಿಗಿಳಿದದ್ದು 1934ರ ಜನವರಿ 15ರಂದು. ಬಿಹಾರದಲ್ಲಿ ಭೂಮಿ ನಡುಗಿ ಸಾವಿರಾರು ಜನ ಸತ್ತರು. ಅಸ್ಪೃಶ್ಯತೆಯ ವಿರುದ್ಧ ಪ್ರವಾಸದಲ್ಲಿದ್ದ ಗಾಂಧೀಜಿ, ಇದು ಆ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು. ರವೀಂದ್ರನಾಥ ಠಾಕೂರರು ತಡೆದುಕೊಳ್ಳಲಿಲ್ಲ. ಭೂಕಂಪಕ್ಕೆ ಕಾರಣ ಭೌತಿಕವಾದದ್ದೇ; ಗಾಂಧಿಯವರ ತರ್ಕವನ್ನು ಒಪ್ಪಿದರೆ ಅವರ ವಿರೋಧಿಗಳೂ ಅದೇ ವಿಪತ್ತನ್ನು ಅವರ ತಲೆಗೇ ಕಟ್ಟಬಹುದು ಎಂದರು. ಆ ಪ್ರತಿಭಟನೆಯನ್ನು ಗಾಂಧೀಜಿ ತಮ್ಮ ‘ಹರಿಜನ’ ಪತ್ರಿಕೆಯಲ್ಲಿಯೇ ಅಚ್ಚುಮಾಡಿ ಉತ್ತರ ಕೊಟ್ಟರು, ನಿಲುವು ಬದಲಿಸಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ತಾವೂ ಸೇರಿದಂತೆ ಎಲ್ಲರನ್ನೂ ಆ ಪಾಪಕ್ಕೆ ಹೊಣೆ ಮಾಡಿ ಆಡಿದ ಮಾತದು. ಆದರೂ ಮಣ್ಣಿನಡಿ ಸಿಕ್ಕವರಲ್ಲಿ ಸವರ್ಣರಿಂದ ಅವಮಾನ ಉಂಡವರೂ ಇದ್ದರಲ್ಲ! ಠಾಕೂರರ ಕಡೆಗೇ ನನ್ನ ಮನಸ್ಸು ವಾಲುತ್ತದೆ.

ದುಃಖವೆಲ್ಲ ಪಾಪದ ಫಲವೇ ಎಂಬ ಈ ಅನುಮಾನ ಪರಂಪರೆಗೆ ಹೊರಗಿನಿಂದ ಬಂದದ್ದೇನಲ್ಲ. ಮೋಲಿಯ ಸೀವಕನೆಂಬ ಪರಿವ್ರಾಜಕ ರಾಜಗೃಹದಲ್ಲಿ ಬುದ್ಧನನ್ನು ಕೇಳಿದ: ಮನುಷ್ಯ ಉಣ್ಣುವ ಸುಖದುಃಖವೆಲ್ಲ ಹಿಂದೆ ಮಾಡಿದ್ದರ ಫಲವೇ? ಹಾಗೆನ್ನುವವರು ತಮಗೇ ತಿಳಿದಿರುವುದನ್ನೂ ಲೋಕ ಕಂಡುಕೊಂಡಿರುವುದನ್ನೂ ಮೀರಿ ಮಾತಾಡುತ್ತಾರೆ ಎಂದ ಬುದ್ಧ, ವೈದ್ಯನ ಹಾಗೆ ಕಾರಣಗಳನ್ನು ಎಣಿಸಿದ. ಪಿತ್ತ, ಶ್ಲೇಷ್ಮ, ವಾತ, ಈ ಮೂರೂ ಕೂಡಿ ಕೆಟ್ಟ ಸ್ಥಿತಿ, ಋತುವಿನ ಬದಲಾವಣೆ, ಅಡ್ಡಾದಿಡ್ಡಿ ನಡೆ, ಬೇರೆಯವರ ಹೊಡೆತ. ಕರ್ಮ ಬಂದದ್ದು ಎಂಟನೆಯದಾಗಿ.