ಮೌನವೂ ಶೂನ್ಯವೂ

ಒಬ್ಬರಲ್ಲಿ ಒಂದು ಗುಣವು ಕಾಣಿಸದಿದ್ದರೆ ಅದು ಅವರಲ್ಲಿ ಇಲ್ಲವೇ ಇಲ್ಲವೆಂದು ನಿರ್ಣಯಿಸುವುದು ನ್ಯಾಯವೆ? ಮಗ್ಗಿ ಒಪ್ಪಿಸಲಾರದೆ ನಿಂತ ಹುಡುಗನನ್ನು ದಡ್ಡನೆಂದೂ, ನಾಲ್ವರ ಮುಂದೆ ಬಾಯಿ ಬಿಡದ ಸೊಸೆಯನ್ನು ಏನೂ ತಿಳಿಯದವಳೆಂದೂ ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ನಮ್ಮ ಮನೆಗಳಲ್ಲಿ ಎಷ್ಟು ಸುಲಭವಾಗಿ ತೀರ್ಪು ಕೊಟ್ಟುಬಿಡುತ್ತೇವೆ! ಈ ತೀರ್ಪಿಗೆ ವಿರೋಧವಾಗಿ ಸಾಕ್ಷಿ ನುಡಿಯಬಲ್ಲ ಜೀವಿಯೊಂದು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ನಮ್ಮ ಕರುಳಿನಲ್ಲಿಯೇ ಉಂಟು.

ಅದು ಈ. ಕೋಲಿ ಎಂಬ ಬ್ಯಾಕ್ಟೀರಿಯ. ಕೆಲವು ಗಿಡಮರಗಳಲ್ಲಿರುವ ಸ್ಯಾಲಿಸಿನ್ ಎಂಬ ಪದಾರ್ಥವನ್ನು ಅದು ಸಾಮಾನ್ಯವಾಗಿ ಉಣ್ಣಲಾರದು. ಆದರೆ ಉಣ್ಣಲು ಬೇಕಾದ ಸಾಮಗ್ರಿಯು ಅದರಲ್ಲಿ ಇಲ್ಲದಿಲ್ಲ. ‘ಬಿ ಜಿ ಎಲ್’ ಎಂಬ ಜೀನುಗಳ ಗುಂಪು ಇಡಿಯಾಗಿಯೇ ಇದೆ. ಎಚ್-ಎನ್‌ಎಸ್ ಎಂಬ ಪ್ರೋಟೀನು ಅದನ್ನು ಮೌನವಾಗಿರಿಸುತ್ತದೆ. ಎಲ್ಲೋ ಕೆಲವು ಜೀವಿಗಳಲ್ಲಿ, ಎಡೆಯಿಂದ ಎಡೆಗೆ ನೆಗೆಯುವ ಡಿಎನ್‌ಎ ತುಣುಕೊಂದು ಆ ಗುಂಪಿನ ಬಾಗಿಲಿನ ಬಳಿ ಸೇರಿಕೊಳ್ಳುವುದುಂಟು. ಆಗ ಬೀಗವು ಸಡಿಲಿ, ಜೀವಿಯು ಸ್ಯಾಲಿಸಿನ್ ಉಣ್ಣಬಲ್ಲುದಾಗುತ್ತದೆ. ಜೀನಿನ ಬರಹವು ಮೊದಲಿದ್ದಂತೆಯೇ ಇರುತ್ತದೆ. ಅದನ್ನು ಓದಲು ಅಪ್ಪಣೆ ಕೊಡುವ ಸ್ಥಾನದಲ್ಲಿ ಮಾತ್ರ ಮಾರ್ಪಾಡಾಗಿರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಮಹದೇವನ್ ಅವರು ಈ ವಿಷಯವನ್ನು ಬಹುಕಾಲ ಶೋಧಿಸಿದರು. ಅವರೂ ಅವರ ಸಹಶೋಧಕರೂ 2005ರಲ್ಲಿ ಪ್ರಕಟಿಸಿದಂತೆ, ಆಹಾರವು ತೀರಿ ಬೆಳವಣಿಗೆ ನಿಂತ ಕಾಲದಲ್ಲಿ ಹೀಗೆ ಬೀಗ ತೆರೆದ ಜೀವಿಗಳು ಮಿಕ್ಕವುಗಳ ಮೇಲೆ ಮೇಲುಗೈ ಪಡೆದವು. ಶೂನ್ಯವೆಂದು ಕಂಡದ್ದು ಶೂನ್ಯವಾಗಿರಲಿಲ್ಲ.

“ಹಾಗಾದರೆ ಕಷ್ಟ ಕೊಟ್ಟರೆ ಸಾಕು, ಗುಣವು ತಾನಾಗಿ ಹೊರಬರುವುದು” ಎಂದು ಯಾರಾದರೂ ಅರ್ಥಮಾಡಿಯಾರು. ಅದು ಸರಿಯಲ್ಲ. ಇಂತಹ ಮಾರ್ಪಾಡುಗಳು ಅವಶ್ಯಕತೆಯು ಕರೆದುದರಿಂದ ಬರುವುವಲ್ಲ, ಅದಕ್ಕೆ ಮೊದಲೇ ಆಕಸ್ಮಿಕವಾಗಿ ಹುಟ್ಟಿರುತ್ತವೆ ಎಂಬುದನ್ನು ಲೂರಿಯಾ, ಡೆಲ್‌ಬ್ರೂಕ್ ಎಂಬಿಬ್ಬರು ಬೇರೊಂದು ಪ್ರಯೋಗದಿಂದ 1943ರಲ್ಲಿಯೇ ತೋರಿಸಿದರು. ಹಸಿವು ಆರಿಸುತ್ತದೆ, ಕಲಿಸುವುದಿಲ್ಲ. ಹಸಿದವುಗಳಲ್ಲಿ ಬಹುಪಾಲು ಸುಮ್ಮನೆ ಸಾಯುತ್ತವೆ.

ಇಲ್ಲಿಂದ ಮುಂದಿನ ಪ್ರಶ್ನೆಯು ಬ್ಯಾಕ್ಟೀರಿಯದ್ದಲ್ಲ, ನಮ್ಮದು: ಬೀಗವನ್ನು ಹಾಕಿದವರು ಯಾರು? ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಾವುಂಡರಾಯನು ಕ್ರಿ.ಶ. 981ರಲ್ಲಿ ಸ್ಥಾಪಿಸಿದನೆನ್ನುವ ಬಾಹುಬಲಿಯನ್ನು ನೋಡದವರು ನಮ್ಮಲ್ಲಿ ವಿರಳ. ಅಣ್ಣನನ್ನು ತೋಳಿನಲ್ಲಿ ಎತ್ತಿಹಿಡಿದೂ ನೆಲಕ್ಕೆ ಅಪ್ಪಳಿಸದೆ ಇಳಿಸಿದನೆಂಬುದು ಅವನ ಕಥೆ. ಆ ಬೀಗವನ್ನು ತನಗೆ ತಾನೇ ಹಾಕಿಕೊಂಡುದರಿಂದ ಅದು ಸಂಯಮವೆನಿಸಿತು. ಬ್ಯಾಕ್ಟೀರಿಯದ ಮೌನದಲ್ಲಿ ಪುಣ್ಯವೂ ಇಲ್ಲ, ಪಾಪವೂ ಇಲ್ಲ. ಆ ಸೊಸೆಯ ಮೌನವು ಮಾತ್ರ ಎರಡೂ ಬಗೆಯದಲ್ಲ. ಅದನ್ನು ಸಂಯಮವೆಂದು ಹೊಗಳುವುದೂ ಶೂನ್ಯವೆಂದು ಹಳಿಯುವುದೂ ಒಂದೇ ತಪ್ಪಿನ ಎರಡು ಮುಖಗಳು; ಏಕೆಂದರೆ ಬಾಗಿಲನ್ನು ಹಿಡಿದಿರುವ ಕೈ ನಮ್ಮದು.

ಸೂಕ್ಷ್ಮಜೀವಿಯು ಆಕಸ್ಮಿಕಕ್ಕಾಗಿ ಕಾಯಬೇಕು, ಅದಕ್ಕೆ ಬೇರೆ ದಾರಿಯಿಲ್ಲ. ನಮ್ಮ ಮನೆಯಲ್ಲಾದರೋ, “ಇದರಲ್ಲಿ ನಿನ್ನ ಅಭಿಪ್ರಾಯವೇನಮ್ಮ?” ಎಂದು ಹಿರಿಯರು ಕೇಳಿ, ಉತ್ತರ ಬರುವವರೆಗೆ ತಾಳ್ಮೆಯಿಂದ ಕುಳಿತಿರಬಹುದು.