ಜುಲೈನಲ್ಲಿ ನಡೆಸುವವರು ಯಾರು?

ಎಂಬಿಎ ಮೊದಲ ವರ್ಷ ಮುಗಿಸಿದವರು ಬೇಸಿಗೆಯಲ್ಲಿ ಇಂಟರ್ನ್‌ಶಿಪ್‌ಗೆ ಹೊರಡುತ್ತಾರೆ. ಬಹುತೇಕರ ಕಣ್ಣು ಬ್ಯಾಂಕು, ಸಾಫ್ಟ್‌ವೇರ್ ಕಂಪನಿಗಳ ಮೇಲೆ. ಸ್ವಯಂಸೇವಾ ಸಂಸ್ಥೆಗಳಿಗೆ ಸಲಹೆಗಾರರಾಗಿ ಹೋಗುವವರು ಕೆಲವರೇ. ಗೋವಾದಲ್ಲಿ ಅಂಥವರಿಗೆ ಒಳ್ಳೆಯ ಅವಕಾಶವಿದೆ. ಜೆಸ್ಯೂಟ್ ಪಾದ್ರಿ ರೋಮುವಾಲ್ಡ್ ಡಿಸೋಜಾ 1993ರಲ್ಲಿ ಕಟ್ಟಿದ, ಈಗ ಸಾಂಖಳಿಯಲ್ಲಿರುವ ಗೋವಾ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್ ‘ಗಿವ್ ಗೋವಾ’ ಎಂಬ ಕಾರ್ಯಕ್ರಮದಡಿ ವಿದ್ಯಾರ್ಥಿಗಳನ್ನು ಸಂಸ್ಥೆಗಳ, ಪಂಚಾಯಿತಿಗಳ, ಶಾಲೆಗಳ ಕೆಲಸಕ್ಕೆ ಕಳಿಸುತ್ತ ಬಂದಿದೆ. ಹುಬ್ಬಳ್ಳಿ, ಬೆಳಗಾವಿಯ ಮಕ್ಕಳಿಗಂತೂ ಗೋವಾ ದೂರದ ಊರಲ್ಲ.

ಹೀಗೆ ಹೋಗುವವರು ಒಂದು ಅಭ್ಯಾಸ ಮಾಡಿಕೊಳ್ಳಬೇಕು. ನೋಟ್‌ಬುಕ್ಕಿನಲ್ಲಿ ಸಲಹೆ ಬರೆದಾಗಲೆಲ್ಲ ಅದರ ಪಕ್ಕದಲ್ಲೇ, ‘ನಾನು ಹೋದ ಮೇಲೆ, ಜುಲೈನಲ್ಲಿ ಇದನ್ನು ನಡೆಸುವವರು ಯಾರು?’ ಎಂದು ಬರೆದು ಒಬ್ಬರ ಹೆಸರು ಹಾಕಬೇಕು. ಹೆಸರು ಸಿಗದಿದ್ದರೆ ಆ ಸಲಹೆಯನ್ನು ಹೊಡೆದುಹಾಕಬೇಕು. ಸಂಸ್ಥೆಯಲ್ಲಿ ಲೆಕ್ಕ ಬರೆಯುವವರೇ ಮಕ್ಕಳ ಊಟಕ್ಕೂ ನಿಗಾ ಇಡುತ್ತಾರೆ, ದಾನಿಗಳಿಗೂ ಉತ್ತರ ಬರೆಯುತ್ತಾರೆ. ಅವರ ತಲೆಯ ಮೇಲೆ ಇನ್ನೊಂದು ಹೊರೆ ಇಟ್ಟು ಪ್ರಮಾಣಪತ್ರ ತೆಗೆದುಕೊಂಡು ಹೊರಟುಬಿಡುವುದು ಸುಲಭ, ಆದರೆ ಅದು ಉಪಕಾರವಲ್ಲ.

ಬೇಸಿಗೆಯ ಇಂಟರ್ನ್‌ಗೆ ಇನ್ನೊಂದು ತೊಡಕಿದೆ, ಅದು ಕ್ಯಾಲೆಂಡರಿನದು. ವಾಸ್ಕೋದ ಬೈನಾ, ಜುವಾರಿನಗರ, ಪಣಜಿ ಹತ್ತಿರದ ಚಿಂಬೆಲ್ ಇಂದಿರಾನಗರ, ಇಲ್ಲೆಲ್ಲ ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಕುಟುಂಬಗಳು ನೆಲೆಸಿವೆ. ಏಪ್ರಿಲ್–ಮೇ ಎಂದರೆ ಊರ ಜಾತ್ರೆ, ಮದುವೆಗಳ ಕಾಲ. ಮೃಗಶಿರಾ ಮಳೆ ಬಿದ್ದರೆ ಬಿತ್ತನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮಳೆ ಹಿಡಿದರೆ ಕಟ್ಟಡದ ಕೆಲಸ ನಿಧಾನ, ಪ್ರವಾಸಿಗರೂ ಕಡಿಮೆ. ಇಂಥ ದಿನಗಳಲ್ಲಿ ಬಾಲವಾಡಿಯ ಹಾಜರಿ ಪುಸ್ತಕ ತೆರೆದು ‘ಮಕ್ಕಳು ಅರ್ಧಕ್ಕೆ ಬಿಡುತ್ತಿದ್ದಾರೆ’ ಎಂದು ಗ್ರಾಫ್ ಬರೆದರೆ, ಊರಿಗೆ ಹೋದ ಮಗುವನ್ನು ಕೈಬಿಟ್ಟುಹೋದ ಮಗುವಿನ ಲೆಕ್ಕಕ್ಕೆ ಸೇರಿಸಿದಂತೆ. ನವೆಂಬರ್, ಜನವರಿಯ ಪುಟಗಳನ್ನೂ ತಿರುವಿ ನೋಡಬೇಕು. ಅದಕ್ಕಿಂತ ಮುಖ್ಯವಾಗಿ ಬಾಗಿಲಲ್ಲಿ ನಿಂತ ತಾಯಿಯನ್ನು ಮಾತಾಡಿಸಬೇಕು. ‘ಯಾವೂರ್ರೀ ಅಕ್ಕಾ ನಿಮ್ದು?’ ಎಂದು ಕೇಳಬಲ್ಲ ವಿದ್ಯಾರ್ಥಿಗೆ ಯಾವ ಪ್ರಶ್ನಾವಳಿಯೂ ತಂದುಕೊಡದ ಉತ್ತರಗಳು ಸಿಗುತ್ತವೆ. ಕನ್ನಡ ಬಲ್ಲವರು ಈ ಅನುಕೂಲವನ್ನು ಸಣ್ಣದೆಂದು ತಿಳಿಯಬಾರದು.

ಬೈನಾದ ಕಥೆಯನ್ನಂತೂ ಇಲ್ಲಿ ದುಡಿಯಲು ಬರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ಹೈಕೋರ್ಟ್ ಆದೇಶದ ಮೇರೆಗೆ 2004ರ ಜೂನ್‌ನಲ್ಲಿ, ಮಳೆಗಾಲದ ಬಾಗಿಲಲ್ಲೇ, ಬೈನಾ ತೀರದ ಕೆಂಪುದೀಪದ ಬಸ್ತಿಯನ್ನು ಕೆಡವಲಾಯಿತು. ಕರ್ನಾಟಕ, ಆಂಧ್ರದಿಂದ ಬಂದಿದ್ದ ಎಷ್ಟೋ ಹೆಣ್ಣುಮಕ್ಕಳು ಬೀದಿಗೆ ಬಿದ್ದರು. ಅಲ್ಲಿ ಮೊದಲಿನಿಂದಲೂ ಕೆಲಸ ಮಾಡುತ್ತಿದ್ದ ‘ಅರ್ಜ್’ ಸಂಸ್ಥೆ ಮುಂದೆ ‘ಸ್ವಿಫ್ಟ್ ವಾಶ್’ ಎಂಬ ಯಂತ್ರಚಾಲಿತ ಲಾಂಡ್ರಿಯನ್ನು ನಿಲ್ಲಿಸಿತು. ಲೈಂಗಿಕ ಶೋಷಣೆಯಿಂದ ಹೊರಬಂದ ಮಹಿಳೆಯರು ಅಲ್ಲಿ ಸಂಬಳಕ್ಕೆ ದುಡಿಯುತ್ತಾರೆ. ಇದು ಮರುಕದ ಅಂಗಡಿಯಲ್ಲ, ಗಿರಾಕಿಗೆ ಬಟ್ಟೆಯನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಬೇಕಾದ ವ್ಯಾಪಾರ. ವ್ಯವಹಾರ ಓದಿದವರ ಕೌಶಲ ಬೇಕಾಗುವುದು ಇಂಥಲ್ಲಿ: ಕಿಲೋ ಬಟ್ಟೆಗೆ ತಗಲುವ ನೀರು, ವಿದ್ಯುತ್ತು, ಸಾಗಣೆಯ ಖರ್ಚು, ಮಳೆಗಾಲದಲ್ಲಿ ಹೋಟೆಲ್‌ಗಳ ಕೆಲಸ ತಗ್ಗಿದಾಗ ಸಂಬಳ ಹೊಂದಿಸುವ ದಾರಿ. ಆದರೆ ಇಂಥ ಕಡೆ ರಜೆಯ ಪಟ್ಟಿ ನೋಡಿ ‘ಶಿಸ್ತು ಸಾಲದು’ ಎಂದು ವರದಿ ಬರೆಯುವ ಮೊದಲು ಆ ರಜೆ ಕೋರ್ಟಿನ ಸಾಕ್ಷಿಗೋ, ಆಸ್ಪತ್ರೆಗೋ, ಹಾಸ್ಟೆಲ್‌ನಲ್ಲಿರುವ ಮಗುವಿಗೋ ಎಂದು ಕೇಳುವ ಸೌಜನ್ಯ ಬೇಕು. ಕೇಳಿದ ಮೇಲೆ ಸಲಹೆಯೇ ಬದಲಾಗುತ್ತದೆ: ಎಚ್ಚರಿಕೆ ಪತ್ರದ ಬದಲು ಪಾಳಿಯ ಮರುಹೊಂದಾಣಿಕೆ.

ಹಣದ ಕಟ್ಟಳೆಗಳನ್ನು ಮೊದಲ ವಾರದಲ್ಲೇ ಓದಿಕೊಳ್ಳಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಂತೆ ಆ ಹಣದಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ಹಿಂದೆ ಶೇ 50ರವರೆಗೆ ಅವಕಾಶವಿತ್ತು. ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತೆಯೂ ಇಲ್ಲ. ಕಂಪನಿಗಳ ಸಿಎಸ್‌ಆರ್ ಹಣ ಬಯಸುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್–1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ಇದು ಗೊತ್ತಿಲ್ಲದೆ ‘ಒಬ್ಬ ಮಾರ್ಕೆಟಿಂಗ್ ಮ್ಯಾನೇಜರನ್ನು ನೇಮಿಸಿ’ ಎಂದರೆ ಎದುರಿಗಿರುವವರು ನಯವಾಗಿ ತಲೆಯಾಡಿಸುತ್ತಾರೆ, ಅಷ್ಟೆ. ಹಣ ಎಲ್ಲಿಂದ ಬರಬೇಕೆಂದು ಅವರು ನಿಮ್ಮನ್ನು ಕೇಳುವುದೂ ಇಲ್ಲ.

ಕೊನೆಯ ವಾರವನ್ನು ವರದಿಗೆ ಅಂದಚೆಂದ ಮಾಡುವುದರಲ್ಲಿ ಕಳೆಯಬೇಡಿ. ದೇಣಿಗೆ ದಾಖಲಿಸುವ ಎಕ್ಸೆಲ್ ಹಾಳೆ ಮಾಡಿದ್ದೀರಾ? ಅದನ್ನು ತುಂಬಬೇಕಾದವರ ಪಕ್ಕದಲ್ಲಿ ಕುಳಿತು, ಅವರ ಕೈಯಿಂದಲೇ ತುಂಬಿಸಿ. ಅವರು ತಡವರಿಸಿದ ಜಾಗದಲ್ಲಿ ತಿದ್ದಬೇಕಾದದ್ದು ಹಾಳೆಯನ್ನು.

ಲ್ಯಾಪ್‌ಟಾಪ್‌ನಲ್ಲಿರುವ ಮಕ್ಕಳ ಫೋಟೋ, ಹೆಸರು, ಕುಟುಂಬದ ವಿವರಗಳನ್ನು ಸಂಸ್ಥೆಗೆ ಒಪ್ಪಿಸಿ ನಿಮ್ಮಲ್ಲಿರುವುದನ್ನು ಅಳಿಸಿ. ರಕ್ಷಣೆ ಬೇಕಾದ ಮಕ್ಕಳ ಗುರುತು ಪ್ರಕಟಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ನಿಷೇಧಿಸುತ್ತದೆ. ಕಾಲೇಜಿಗೆ ಒಪ್ಪಿಸುವ ವರದಿಯಲ್ಲಾಗಲಿ, ಕೆಲಸ ಹುಡುಕಲು ಲಿಂಕ್ಡ್‌ಇನ್‌ನಲ್ಲಿ ಹಾಕುವ ಚಿತ್ರದಲ್ಲಾಗಲಿ ಆ ಮಕ್ಕಳ ಮುಖ ಇರಬಾರದು.