ಅವರನ್ನೇ ಕೇಳದ ಲೆಕ್ಕ

ಅಮೆರಿಕದ ಮಿಸಿಸಿಪಿ ರಾಜ್ಯದಲ್ಲಿ ಫಾರೆಸ್ಟ್ ಎಂಬ ಸಣ್ಣ ಊರಿದೆ. ಅಲ್ಲಿನ ವಕೀಲರೊಬ್ಬರು 1938ರಲ್ಲಿ ತಮ್ಮ ಪುಟ್ಟ ಮಗನ ನಡವಳಿಕೆಯನ್ನು ವಿವರಿಸಿ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ ಅವರಿಗೆ 33 ಪುಟಗಳ ಕಾಗದ ಬರೆದರು. ಆ ವಿವರಗಳು 1943ರಲ್ಲಿ ಕ್ಯಾನರ್ ಪ್ರಕಟಿಸಿದ ಲೇಖನವನ್ನು ಸೇರಿದವು. ಹನ್ನೊಂದು ಮಕ್ಕಳನ್ನು ಕುರಿತ ಆ ಲೇಖನವೇ ಆಟಿಸಂಗೆ ವೈದ್ಯಶಾಸ್ತ್ರದಲ್ಲಿ ಪ್ರತ್ಯೇಕ ಸ್ಥಾನ ಕೊಟ್ಟಿತು. ಅದರ ಮೊದಲ ಪ್ರಕರಣವಾದ ಹುಡುಗ ಡೊನಾಲ್ಡ್ ಟ್ರಿಪ್ಲೆಟ್. ಬೆಳೆದ ಮೇಲೆ ಅವರು ಊರಿನ ಬ್ಯಾಂಕಿಗೆ ಸೇರಿ ಲೆಕ್ಕ ಬರೆದರು. 2023ರಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಗುವಿನ ಬಗ್ಗೆ ತಂದೆ ಬರೆಯುವುದು ಸಹಜ. ಆದರೆ ಆ ಮಕ್ಕಳೆಲ್ಲ ದೊಡ್ಡವರಾದ ಮೇಲೂ ಸಂಶೋಧನೆ ಬಹುಕಾಲ ಅದೇ ದಾರಿಯಲ್ಲಿ ನಡೆಯಿತು. ತಾಯಿತಂದೆ ಹೇಳಿದರು, ಶಿಕ್ಷಕರು ಹೇಳಿದರು, ವೈದ್ಯರು ಬರೆದುಕೊಂಡರು. ಆಟಿಸಂ ಇರುವವರ ಮಾತು ಬಂದಾಗಲೂ ಅದು ಪರೀಕ್ಷಿಸಬೇಕಾದ ಲಕ್ಷಣವಾಗಿ ಬಂದದ್ದೇ ಹೆಚ್ಚು, ಒಪ್ಪಬೇಕಾದ ಸಾಕ್ಷ್ಯವಾಗಿ ಬಂದದ್ದು ಕಡಿಮೆ. ಇವರಿಗೆ ಕೆಲಸ ಕೊಡುವ ಕಚೇರಿಗಳೂ ಹೀಗೇ ನಡೆದುಕೊಳ್ಳುತ್ತವೆ. ಕಚೇರಿಗೆ ಅವರ ನಿಖರತೆ ಬೇಕು, ಅಭಿಪ್ರಾಯ ಬೇಡ. ಸಂಶೋಧನೆಗೆ ಅವರ ಉತ್ತರ ಬೇಕು, ಪ್ರಶ್ನೆ ಬೇಡ. ಇವು ಒಂದೇ ಅನ್ಯಾಯದ ಎರಡು ರೂಪಗಳು ಎಂಬುದು ನನ್ನ ವಾದ.

ಆಟಿಸಂ ಮತ್ತು ಲೆಕ್ಕಪತ್ರವನ್ನು ಒಟ್ಟಿಗೆ ಹೇಳಿದೊಡನೆ ಅಂಕಿಗಳ ಮಾಂತ್ರಿಕನೊಬ್ಬನ ಚಿತ್ರ ನಮ್ಮ ಮುಂದೆ ನಿಲ್ಲುತ್ತದೆ. 2016ರ ‘ದಿ ಅಕೌಂಟೆಂಟ್’ ಎಂಬ ಹಾಲಿವುಡ್ ಚಿತ್ರ ಈ ಕಲ್ಪನೆಯನ್ನೇ ಬಂಡವಾಳ ಮಾಡಿಕೊಂಡಿತು. ಅದೇ ವರ್ಷ ಇವೈ ಎಂಬ ಲೆಕ್ಕಪರಿಶೋಧನಾ ಸಂಸ್ಥೆ ಫಿಲಡೆಲ್ಫಿಯಾದಲ್ಲಿ ಆಟಿಸಂ ಇರುವವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಪ್ರತ್ಯೇಕ ಕೇಂದ್ರ ತೆರೆಯಿತು. ಅದಕ್ಕೂ ಮುಂಚೆ, 2013ರ ಹೊತ್ತಿಗೆ, ಎಸ್‌ಎಪಿ ಎಂಬ ಸಾಫ್ಟ್‌ವೇರ್ ಕಂಪನಿ ಇಂಥ ಪ್ರಯೋಗ ಮಾಡಿತ್ತು. ಅದು ಮೊದಲು ನಡೆದ ಜಾಗಗಳಲ್ಲಿ ನಮ್ಮ ಬೆಂಗಳೂರೂ ಒಂದು. ಈ ಪ್ರಯತ್ನಗಳು ಮುಚ್ಚಿದ್ದ ಬಾಗಿಲುಗಳನ್ನು ತೆರೆದಿವೆ, ಸಂದರ್ಶನ ಮಾಡುವ ರೀತಿಯನ್ನೇ ತಿದ್ದಿವೆ. ಅದು ಸಣ್ಣ ಸಾಧನೆಯಲ್ಲ.

ಆದರೆ ಇದರ ಹಿಂದಿನ ತರ್ಕವನ್ನು ಪರೀಕ್ಷಿಸಲೇಬೇಕು. ‘ಇವರು ಸೂಕ್ಷ್ಮವಾಗಿ ನೋಡುತ್ತಾರೆ, ತಪ್ಪು ಹಿಡಿಯುತ್ತಾರೆ, ಆದ್ದರಿಂದ ಇವರಿಗೆ ಜಾಗ ಕೊಡೋಣ’ ಎನ್ನುವುದಾದರೆ, ಅಂಕಿ ಕಂಡರೆ ಆಗದವರ ಗತಿಯೇನು? ಎಲ್ಲರಂತೆ ಸಾಧಾರಣವಾಗಿ ಲೆಕ್ಕ ಬರೆಯುವವರ ಗತಿಯೇನು? ಆಟಿಸಂ ಇಲ್ಲದ ಸಾಧಾರಣ ಗುಮಾಸ್ತರು ತಮ್ಮ ಕುರ್ಚಿಗೆ ವಿಶೇಷ ಪ್ರತಿಭೆಯ ಪುರಾವೆ ಕೊಡಬೇಕಿಲ್ಲ. ಮನುಷ್ಯರನ್ನು ಬರಿಯ ಸಾಧನವಾಗಿ ಕಾಣಬಾರದು, ಅವರು ತಮ್ಮಷ್ಟಕ್ಕೆ ತಾವೇ ಗುರಿ ಎಂದು ತತ್ವಜ್ಞಾನಿ ಕಾಂಟ್ 1785ರಲ್ಲೇ ವಾದಿಸಿದ್ದರು. ಲಾಭದ ಮೇಲೆ ನಿಂತ ಸ್ವಾಗತ, ಲಾಭ ನಿಂತ ದಿನ ತಾನೂ ನಿಲ್ಲುತ್ತದೆ.

ಲಾಭ ನೋಡದ ಸ್ವಾಗತ ಹೇಗಿರುತ್ತದೆ ಎಂಬುದಕ್ಕೆ ಟ್ರಿಪ್ಲೆಟ್ ಅವರ ಬದುಕು ಒಳ್ಳೆಯ ನಿದರ್ಶನ. ಅವರ ಮನೆತನ ಸಿರಿವಂತ ಬಿಳಿಯರದು. ಆ ಬ್ಯಾಂಕಿನಲ್ಲಿ ಕುಟುಂಬದ ಪಾಲಿತ್ತು. ಊರಿನವರು ಅವರನ್ನು ಇದ್ದ ಹಾಗೇ ಒಪ್ಪಿಕೊಂಡರು. ಪ್ರತಿಭೆ ಏನೇ ಇರಲಿ, ಅವರನ್ನು ಉಳಿಸಿದ್ದು ಅವರಿಗಾಗಿ ಸುತ್ತಲಿನವರು ಮಾಡಿಕೊಟ್ಟ ಜಾಗ. ಅವರಿಗೆ ಅದೃಷ್ಟದಿಂದ ಸಿಕ್ಕಿದ್ದು ಉಳಿದವರಿಗೆ ಹಕ್ಕಿನಿಂದ ಸಿಗಬೇಕು.

ಲೆಕ್ಕಪತ್ರದ ಕೆಲಸದ ಒಳಗೆ ಏನಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ವೋಚರಿಗೆ ಬಿಲ್ಲು ಹೊಂದಬೇಕು, ಲೆಡ್ಜರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆಯಾಗಬೇಕು, ಟ್ರಯಲ್ ಬ್ಯಾಲೆನ್ಸ್ ಕೂಡಬೇಕು. ನಿಯಮ ಸ್ಪಷ್ಟವಾಗಿರುವ ಇಂಥ ಕೆಲಸ ಹಲವರಿಗೆ ನೆಮ್ಮದಿ ಕೊಡುತ್ತದೆ. ಅದರ ಜೊತೆಯಲ್ಲೇ ಬರುವ ಬೇರೆ ಸಂಗತಿಗಳಿವೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ 11, 20ನೆಯ ತಾರೀಖು ಹತ್ತಿರವಾದಂತೆ ಫೋನುಗಳ ಗದ್ದಲ, ಗೋಡೆಯಿಲ್ಲದ ಹಾಲಿನಲ್ಲಿ ಹತ್ತು ಜನರ ಮಾತು, ಉರಿಯುವ ಟ್ಯೂಬ್‌ಲೈಟು. ‘ಇದನ್ನು ಸ್ವಲ್ಪ ನೋಡಿ ಅಡ್ಜಸ್ಟ್ ಮಾಡಿಬಿಡಿ’ ಎಂಬ ಸೂಚನೆ. ಎಷ್ಟು ನೋಡಬೇಕು, ಯಾವುದಕ್ಕೆ ಹೊಂದಿಸಬೇಕು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ. ಬಡ್ತಿಗೆ ಲೆಕ್ಕ ಸರಿಯಿದ್ದರಷ್ಟೇ ಸಾಲದು, ಕ್ಲೈಂಟಿನ ಜೊತೆ ಊಟಕ್ಕೆ ಕುಳಿತು ಹರಟಲೂ ಬರಬೇಕು. ಇದಕ್ಕೆಲ್ಲ ಹೊಂದಿಕೊಂಡವರಂತೆ ದಿನವಿಡೀ ನಟಿಸುವುದು ದೇಹವನ್ನೂ ಮನಸ್ಸನ್ನೂ ಹಿಂಡುತ್ತದೆ. ಈ ಬಳಲಿಕೆಯ ಸ್ವರೂಪವನ್ನು 2020ರಲ್ಲಿ ಸ್ಪಷ್ಟವಾಗಿ ವಿವರಿಸಿದ ಅಮೆರಿಕದ ಅಧ್ಯಯನವೊಂದರ ಮುಂಚೂಣಿಯಲ್ಲಿದ್ದ ಡೋರಾ ರೇಮೇಕರ್ ಸ್ವತಃ ಆಟಿಸಂ ಇರುವವರು. ಸರಿಯಾದ ಪ್ರಶ್ನೆ ಕೇಳಲು ಒಳಗಿನವರೇ ಬೇಕಾದರು.

ಈ ವೃತ್ತಿಯ ಒಳಗೇ ಒಂದು ವಿರೋಧಾಭಾಸವಿದೆ. ಆಡಿಟ್ ಮಾಡುವವರು ತಮಗೆ ಹೇಳಿದ್ದನ್ನೆಲ್ಲ ನಂಬದೆ ಪ್ರಶ್ನಿಸುತ್ತಿರಬೇಕು ಎಂದು ಲೆಕ್ಕಪರಿಶೋಧನಾ ಮಾನದಂಡಗಳೇ ವಿಧಿಸುತ್ತವೆ. ಆದರೆ ಕಿರಿಯರೊಬ್ಬರು ಕ್ಲೈಂಟಿನ ಎದುರಿಗೇ ‘ಈ ಖರ್ಚಿಗೆ ಬಿಲ್ಲಿಲ್ಲ’ ಎಂದರೆ ಅವರಿಗೆ ನಡತೆ ಗೊತ್ತಿಲ್ಲ ಎನ್ನುತ್ತೇವೆ. ಪುಸ್ತಕದಲ್ಲಿ ಮೆಚ್ಚುವ ಗುಣವನ್ನು ಮನುಷ್ಯರಲ್ಲಿ ಕಂಡಾಗ ದಂಡಿಸುತ್ತೇವೆ.

ಇಲ್ಲಿಂದ ಪ್ರಶ್ನೆ ಜ್ಞಾನದ ಕಡೆಗೆ ಹೊರಳುತ್ತದೆ. ಹೇಳುವವರು ಯಾರು ಎಂಬ ಪೂರ್ವಗ್ರಹದಿಂದ ಅವರ ಮಾತಿನ ತೂಕ ಇಳಿಸುವುದೂ ಅನ್ಯಾಯವೇ ಎಂದು ತತ್ವಚಿಂತಕಿ ಮಿರಾಂಡಾ ಫ್ರಿಕರ್ 2007ರಲ್ಲಿ ವಿಸ್ತಾರವಾಗಿ ವಾದಿಸಿದರು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡದವರನ್ನು ನಂಬಲು ಹಿಂಜರಿಯುವ ಸಮಾಜದಲ್ಲಿ ಆಟಿಸಂ ಇರುವವರ ಮಾತು ಬಾಯಿಂದ ಹೊರಡುವ ಮೊದಲೇ ತೂಕ ಕಳೆದುಕೊಂಡಿರುತ್ತದೆ. ಅವರಿಗೆ ಪರರ ಮನಸ್ಸು ತಿಳಿಯುವುದಿಲ್ಲ ಎಂಬ ಹಳೆಯ ಮಾತಿಗೆ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಉತ್ತರ ಕೊಟ್ಟರು. ಅವರಿಗೂ ಆಟಿಸಂ ಇದೆ. ಅರ್ಥವಾಗದಿರುವುದು ಎರಡೂ ಕಡೆಯವರ ತೊಡಕು ಎಂದರು ಅವರು. 2020ರಲ್ಲಿ ಸಂಶೋಧಕಿ ಕ್ಯಾಥರೀನ್ ಕ್ರಾಂಪ್ಟನ್ ಮತ್ತು ಸಂಗಡಿಗರು ಒಂದು ಕಥೆಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ನೋಡಿದರು. ಆಟಿಸಂ ಇರುವವರಷ್ಟೇ ಇದ್ದ ಸಾಲಿನಲ್ಲೂ ಇಲ್ಲದವರಷ್ಟೇ ಇದ್ದ ಸಾಲಿನಲ್ಲೂ ಕಥೆ ಒಂದೇ ಮಟ್ಟಿಗೆ ಉಳಿಯಿತು. ಇಬ್ಬರೂ ಬೆರೆತ ಸಾಲಿನಲ್ಲಿ ಹೆಚ್ಚು ಸೋರಿಹೋಯಿತು.

ಹಾಗಿದ್ದರೆ ಒಂದೇ ಕಡೆಯವರು ಬರೆದ ಸಂಶೋಧನೆಯನ್ನು ಪೂರ್ತಿ ಎನ್ನುವುದು ಹೇಗೆ? ಕಂಪನಿಯ ಪುಸ್ತಕದಲ್ಲಿ ‘ಇಂಥವರಿಂದ ಇಷ್ಟು ಬರಬೇಕು’ ಎಂದಿದ್ದರೆ ಆಡಿಟರ್ ಅಷ್ಟಕ್ಕೇ ಸುಮ್ಮನಾಗದೆ ಆ ಇಂಥವರಿಗೇ ಕಾಗದ ಬರೆದು, ಉತ್ತರ ನೇರವಾಗಿ ತನಗೇ ಬರುವಂತೆ ನೋಡಿಕೊಳ್ಳುತ್ತಾನೆ. ಅದು ಬ್ಯಾಲೆನ್ಸ್ ಕನ್ಫರ್ಮೇಷನ್. ಹಣದ ಲೆಕ್ಕಕ್ಕೆ ಇಷ್ಟು ಎಚ್ಚರ ಬೇಕಾದರೆ ಮನುಷ್ಯರ ಬದುಕಿನ ಲೆಕ್ಕಕ್ಕೆ ಅದಕ್ಕಿಂತ ಕಡಿಮೆ ಸಾಕೆ?

ಒಳಗಿನವರು ಸಂಶೋಧಿಸಿದರೆ ವಸ್ತುನಿಷ್ಠತೆ ಹಾಳಾಗುತ್ತದೆ ಎಂಬ ಆಕ್ಷೇಪವಿದೆ. ಹೊರಗಿನವರಿಗೂ ತಮ್ಮ ರೂಢಿಗಳ ಪಕ್ಷಪಾತವಿರುತ್ತದೆ. ಬಹುಮತದ ರೂಢಿಯಾದ್ದರಿಂದ ಅದು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಮಾತು ಬಾರದವರನ್ನು ಕೇಳುವುದು ಹೇಗೆ ಎಂಬ ಆಕ್ಷೇಪ ಇನ್ನೂ ಗಂಭೀರವಾದದ್ದು. ಟೈಪ್ ಮಾಡುವುದು, ಚಿತ್ರ ತೋರಿಸುವುದು, ದಿನಗಳ ಬಿಡುವು ಕೊಟ್ಟು ಮತ್ತೆ ಬರುವುದು, ನಿರಾಕರಣೆಯನ್ನೂ ಉತ್ತರವೆಂದು ಗೌರವಿಸುವುದು ಹೀಗೆ ದಾರಿಗಳಿವೆ. ಅಷ್ಟಾದರೂ ಕೆಲವರ ಮನಸ್ಸು ನಮಗೆ ಪೂರ್ತಿ ತಿಳಿಯದು. ಆ ಮಿತಿಯನ್ನು ಒಪ್ಪಿ ಅವರ ಪರವಾಗಿ ಎಚ್ಚರದಿಂದ ಮಾತಾಡಬೇಕು. ಮಾತಾಡಬಲ್ಲವರ ಬಾಯಿ ಮುಚ್ಚಿಸಲು ಅದನ್ನು ನೆಪ ಮಾಡಿಕೊಳ್ಳಬಾರದು.

ನಮ್ಮ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಗುರುತಿಸಿದೆ. ಸರ್ಕಾರಿ ಹುದ್ದೆಗಳ ಶೇ. 4 ಮೀಸಲಿನಲ್ಲಿ ಶೇ. 1ನ್ನು ಬೌದ್ಧಿಕ, ಮಾನಸಿಕ ಮತ್ತಿತರ ತೊಂದರೆಗಳಿರುವವರ ಜೊತೆ ಹಂಚಿಕೊಳ್ಳುವಂತೆ ಇವರಿಗೂ ಕೊಟ್ಟಿದೆ. ಪ್ರತಿ ಸಂಸ್ಥೆಯೂ ಸಮಾನ ಅವಕಾಶದ ನೀತಿ ಪ್ರಕಟಿಸಬೇಕು ಎಂದೂ ಹೇಳಿದೆ. ಕಾನೂನು ಕುರ್ಚಿ ಕೊಡಬಹುದು, ಕಿವಿ ಕೊಡುವ ಕೆಲಸ ನಮ್ಮದು. ಕಚೇರಿ ಸೂಚನೆಗಳನ್ನು ಬರಹದಲ್ಲಿ ಕೊಡಲಿ, ಸದ್ದಿಲ್ಲದ ಮೂಲೆಯನ್ನು ಉಪಕಾರವೆನ್ನದೆ ಒದಗಿಸಲಿ. ಸಂಶೋಧಕರು ಆಟಿಸಂ ಇರುವವರಿಗೆ ಪ್ರಶ್ನೆಗಳನ್ನು ಮುಂಚೆಯೇ ಕಳಿಸಲಿ, ಸಮಯಕ್ಕೆ ಸಂಭಾವನೆ ಕೊಡಲಿ, ಬರೆದದ್ದನ್ನು ಅಚ್ಚಿಗೆ ಮೊದಲು ಅವರಿಗೆ ಓದಲು ಕೊಡಲಿ. ಏನನ್ನು ಸಂಶೋಧಿಸಬೇಕೆಂದು ನಿರ್ಧರಿಸುವ ಮೇಜಿನಲ್ಲಿ ಅವರನ್ನು ಕೂರಿಸಿಕೊಳ್ಳಲಿ. ಅಮೆರಿಕದ ಆಸ್ಪೈರ್ ಎಂಬ ತಂಡ 2006ರಿಂದ ಹೀಗೇ ಕೆಲಸ ಮಾಡುತ್ತಿರುವುದರಿಂದ ಇದು ಆಗದ ಮಾತೆಂದು ಯಾರೂ ಹೇಳುವಂತಿಲ್ಲ. ಆಟಿಸಂ ಇರುವವರು ತಮ್ಮ ಬದುಕನ್ನು ಬಲ್ಲವರು ಎಂದು ಒಪ್ಪುವುದು ಕರುಣೆಯೂ ಅಲ್ಲ, ಔದಾರ್ಯವೂ ಅಲ್ಲ. ಸತ್ಯ ಬೇಕು ಎನ್ನುವವರೆಲ್ಲ ಮೊದಲು ತೀರಿಸಬೇಕಾದ ಬಾಕಿ.